ನಂಬಿ ಕೊಟ್ಟ ಅಳತೆ

ಅವಳನ್ನು ಬೀದಿಯವರೆಲ್ಲ ಸೂಜಿ ಎಂದೇ ಕರೆಯುತ್ತಿದ್ದರು. ತೆಳ್ಳಗೆ, ನೆಟ್ಟಗೆ ಇದ್ದಳು. ಮಾತೂ ಹಾಗೆಯೇ, ಒಂದೇ ಸಲಕ್ಕೆ ಒಳಗೆ ಇಳಿಯುವಂಥದ್ದು. ಆ ಹೆಸರಿಟ್ಟವರು ಅವಳ ಅತ್ತೆ. ಮದುವೆಯಾದ ಹೊಸದರಲ್ಲಿ ಸೊಸೆಯ ಯಾವುದೋ ಮಾತು ನಾಟಿ, "ನೀನು ತಂದಿರೋದು ಸೊಸೆಯನ್ನಲ್ಲ ಕಣೋ, ಸೂಜಿಯನ್ನ" ಎಂದು ಮಗನ ಹತ್ತಿರ ದೂರಿದ್ದರು. ಸೊಸೆ ಹೊಲಿಗೆ ಅಂಗಡಿ ತೆರೆದಾಗ ಆ ದೂರೇ ಬೋರ್ಡಿಗೆ ಏರಿತು: ಸೂಜಿ ಹೊಲಿಗೆ ಮನೆ.

ಮೊದಮೊದಲು ಎಲ್ಲ ದರ್ಜಿಗಳಂತೆ ಅವಳೂ ಶಾಲೆಯ ಸಮವಸ್ತ್ರ, ಕೋಟು, ಕಿಟಕಿ ಪರದೆ ಹೊಲಿಯುತ್ತಿದ್ದಳು. ಕಸುಬು ದಾರಿ ಬದಲಿಸಿದ್ದು ಅತ್ತೆಯಿಂದಲೇ. ಅತ್ತೆಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡು ಎಡಗಡೆಯ ಸ್ತನವನ್ನೇ ತೆಗೆಯಬೇಕಾಯಿತು. ಜೀವವೇನೋ ಉಳಿಯಿತು. ಆದರೆ ಅಂಗಡಿಯಿಂದ ತಂದ ಒಳ ಉಡುಪು ಗಾಯದ ಗುರುತನ್ನು ಒತ್ತುತ್ತಿತ್ತು, ಬೆವರಿದರೆ ಉರಿಯುತ್ತಿತ್ತು, ಒಳಗಿಟ್ಟ ಮೆತ್ತೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಜಾರಿ ಕಂಕುಳ ಸೇರುತ್ತಿತ್ತು. ಅತ್ತೆ ಹೊಸ್ತಿಲು ದಾಟುವುದನ್ನೇ ಬಿಟ್ಟರು. ಯಾರಾದರೂ ಬಂದರೆ ಶಾಲನ್ನು ಕುತ್ತಿಗೆಯವರೆಗೂ ಎಳೆದುಕೊಂಡು ಕೂರುತ್ತಿದ್ದರು. ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದ ಸೂಜಿ ಒಂದು ಬೆಳಿಗ್ಗೆ ಅಳತೆ ಟೇಪು ಹಿಡಿದು ಅತ್ತೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಕೈ ಎತ್ತಿ ಅತ್ತೆ."

"ಏನೇ ಇದು? ನಾಚಿಕೆ ಆಗಲ್ವೇನೇ ನಿನಗೆ?"

"ನನಗ್ಯಾಕೆ ನಾಚಿಕೆ? ಕೈ ಎತ್ತಿ."

ಹೊಲಿದು, ಬಿಚ್ಚಿ, ಮತ್ತೆ ಹೊಲಿದು ಕೊನೆಗೊಂದು ಉಡುಪು ತಯಾರಾಯಿತು. ಮೆತ್ತನೆಯ ಹತ್ತಿ ಬಟ್ಟೆ, ಗಾಯದ ಕಡೆಗೆ ಒಂದು ಹೊಲಿಗೆಯೂ ಬಾರದ ಹಾಗೆ ಕತ್ತರಿಸಿದ್ದು, ಮೆತ್ತೆ ಅಲುಗದಂತೆ ಒಳಗೊಂದು ಜೇಬು. ಅದನ್ನು ತೊಟ್ಟ ಅತ್ತೆ ಕನ್ನಡಿಯ ಮುಂದೆ ಎಷ್ಟೋ ಹೊತ್ತು ನಿಂತರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ತರಕಾರಿ ತರಲು ಹೊರಟೇಬಿಟ್ಟರು.

ಪ್ರಚಾರಕ್ಕೆ ಅತ್ತೆಗಿಂತ ಬೇರೆ ಜಾಹೀರಾತು ಬೇಕಾಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ತಪಾಸಣೆಗೆ ಕಾದು ಕುಳಿತ ಹೆಂಗಸರ ಕಿವಿಯಲ್ಲಿ ಪಿಸುಗುಟ್ಟಿ ಒಬ್ಬೊಬ್ಬರನ್ನೇ ಅಂಗಡಿಗೆ ಕರೆತಂದರು. ಒಬ್ಬರು ಇನ್ನೊಬ್ಬರಿಗೆ ಹೇಳಿದರು. ದೂರದೂರದವರೂ ಕೇಳತೊಡಗಿದಾಗ ಸೂಜಿಯ ಗಂಡ ಅಂಗಡಿಗೊಂದು ಜಾಲತಾಣ ಮಾಡಿದ. ಅವನು ಮೊದಲು ಮುದ್ರಣಾಲಯವೊಂದರಲ್ಲಿ ಪುಟ ಜೋಡಿಸುತ್ತಿದ್ದವನು. ಅದು ಮುಚ್ಚಿದ ಮೇಲೆ ಹೆಂಡತಿಯ ಅಂಗಡಿಯಲ್ಲೇ ಮೂಲೆಯ ಮೇಜು ಹಿಡಿದಿದ್ದ. ಗ್ರಾಹಕರು ಜಾಲತಾಣದಲ್ಲೇ ಸುತ್ತಳತೆ, ಯಾವ ಬದಿ, ಎಲ್ಲಿ ನೋವು ಎಂದು ಬರೆದು ಕಳಿಸುತ್ತಿದ್ದರು. ಅಳತೆ ಸರಿಯಾಗಿ ತಿಳಿಯಲಿ ಎಂದು ಹಲವರು ಫೋಟೋ ಕೂಡ ಕಳಿಸುತ್ತಿದ್ದರು. ಪಾರ್ಸೆಲ್ಲು ಏನೂ ಬರೆಯದ ಕಂದು ಲಕೋಟೆಯಲ್ಲಿ ಹೋಗುತ್ತಿತ್ತು. ಪಕ್ಕದ ಮನೆಯವರು ತೆಗೆದುಕೊಂಡರೂ ಒಳಗೇನಿದೆ ಎಂದು ತಿಳಿಯುವಂತಿರಲಿಲ್ಲ.

ಕತ್ತರಿಸುವ ನಕ್ಷೆಯನ್ನು ಕಂಪ್ಯೂಟರಿನಲ್ಲೇ ಬಿಡಿಸುವ ತಂತ್ರಾಂಶವೊಂದಿತ್ತು. ಅಳತೆ ಹಾಕಿದರೆ ಸಾಕು, ಬಟ್ಟೆಯ ತುಂಡುಗಳು ಪರದೆಯ ಮೇಲೆ ತಾವಾಗಿಯೇ ಮೂಡುತ್ತಿದ್ದವು. ಬೆಲೆ ಕೇಳಿ ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಗಂಡನ ಬಾಲ್ಯದ ಗೆಳೆಯನಿಗೆ ಕಂಪ್ಯೂಟರ್ ರಿಪೇರಿ ಅಂಗಡಿ ಇತ್ತು. ಅವನು ನಗುತ್ತಾ ಆ ತಂತ್ರಾಂಶದ ಬೀಗ ಮುರಿದ ಒಂದು ಕಳ್ಳ ಪ್ರತಿ ತಂದ.

"ದುಡ್ಡು ಕೊಟ್ಟು ತಗೊಳ್ಳೋರು ದಡ್ಡರು. ಊರೆಲ್ಲ ಇದನ್ನೇ ಹಾಕ್ಕೊಂಡಿದೆ" ಎಂದ.

ಹಾಕುವಾಗ ಕಂಪ್ಯೂಟರಿನ ವೈರಸ್ ಕಾವಲು ಮೇಲಿಂದ ಮೇಲೆ ಎಚ್ಚರಿಕೆ ಕೊಟ್ಟಿತು. ಗೆಳೆಯ ಅದನ್ನು ಆಫ್ ಮಾಡಿ, "ಇದು ಸುಮ್ಸುಮ್ನೆ ಬೊಗಳುತ್ತೆ" ಎಂದ.

"ಮನೆ ಕಾಯೋ ನಾಯಿ ಬೊಗಳಿದ್ರೆ ಅದರ ಬಾಯಿಗೇ ಬಟ್ಟೆ ತುರುಕ್ತಾರಾ?" ಎಂದಳು ಸೂಜಿ.

ಗಂಡಸರಿಬ್ಬರೂ ನಕ್ಕರು. ಅವಳೂ ನಕ್ಕು ಹೊಲಿಗೆ ಯಂತ್ರದ ಕಡೆ ತಿರುಗಿದಳು. ಅಂದು ಕೈತುಂಬ ಕೆಲಸವಿತ್ತು. ತಪ್ಪೆಂದು ಗೊತ್ತಿತ್ತು, ಆದರೆ ಎಲ್ಲರೂ ಮಾಡುವ ತಪ್ಪು ತಪ್ಪಿನ ಹಾಗೆ ಕಾಣುವುದಿಲ್ಲವಲ್ಲ.

ವರ್ಷಗಳು ಕಳೆದವು. ಅಂಗಡಿ ಬೆಳೆಯಿತು, ಹೊಲಿಯಲು ಇಬ್ಬರು ಹೆಂಗಸರು ಬಂದರು. ಒಂದು ದಿನ ಬೆಳಿಗ್ಗೆ ಸೂಜಿ ಬಟ್ಟೆ ಹಾಸಿ ಕತ್ತರಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಫೋನು ಬಂತು. ಹಳೆಯ ಗ್ರಾಹಕಿ, ಶಾಲೆಯೊಂದರ ಗಣಿತದ ಟೀಚರು. ಯಾವಾಗಲೂ ತೂಕ ಮಾಡಿ ಮಾತಾಡುವ ಹೆಂಗಸು. ಅಂದು ಅವರ ದನಿ ನಡುಗುತ್ತಿತ್ತು.

"ನಿಮ್ಮ ಅಂಗಡಿಯಿಂದ ಅಂತ ಒಬ್ಬ ಫೋನ್ ಮಾಡಿದ್ದ. ನಿಮ್ಮ ಆರ್ಡರ್ ನಿಂತೋಗಿದೆ, ದುಡ್ಡು ಹಾಕಿ ಅಂದ. ಆರ್ಡರೇ ಕೊಟ್ಟಿಲ್ಲ ಅಂದೆ. ಆಗ ಫೋಟೋ ಕಳಿಸಿದ. ನನ್ನ ಫೋಟೋ. ನಿಮ್ಮ ಸ್ಕೂಲಿನ ಗ್ರೂಪಿಗೆ ಹಾಕಬೇಕಾ, ದುಡ್ಡು ಹಾಕ್ತೀಯಾ ಅಂತ ಕೇಳ್ತಿದ್ದಾನೆ."

ಸೂಜಿ ಹಾಸಿದ ಬಟ್ಟೆಯನ್ನು ಬದಿಗೆ ಸರಿಸಿದಳು. "ಅದು ಹೇಗೆ..." ಎಂದಳು.

"ಅದನ್ನೇ ನಾನು ಕೇಳ್ತಿರೋದು. ಆ ಫೋಟೋ ನಾನು ಈ ಪ್ರಪಂಚದಲ್ಲಿ ಕಳಿಸಿದ್ದು ಒಬ್ಬರಿಗೆ. ನಿಮಗೆ. ನನ್ನ ಗಂಡ ಕೂಡ ಅದನ್ನ ನೋಡಿಲ್ಲ."

"ಟೀಚರೇ, ನಾನು ವಿಚಾರಿಸಿ..."

"ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಏನು ವಿಚಾರಿಸ್ತೀರಮ್ಮ?" ಎಂದು ಅವರು ಫೋನಿಟ್ಟರು.

ಗಂಡನ ಮೊದಲ ಮಾತು, "ಅವರ ಫೋನಿಂದಲೇ ಹೋಗಿರುತ್ತೆ ಬಿಡು" ಎಂದು. ಆದರೆ ಮಧ್ಯಾಹ್ನದೊಳಗೆ ಇನ್ನಿಬ್ಬರು ಫೋನು ಮಾಡಿದರು. ಒಬ್ಬಳಂತೂ ಮಾತೇ ಆಡಲಿಲ್ಲ, ಅತ್ತಳಷ್ಟೇ. ಸೂಜಿ ಎದ್ದು ಹೋಗಿ ಕಂಪ್ಯೂಟರಿನ ಪ್ಲಗ್ಗನ್ನೇ ಗೋಡೆಯಿಂದ ಕಿತ್ತಳು.

"ರೀ, ಆ ಬೀಗ ಮುರಿದದ್ದರಿಂದ ಏನಾದರೂ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಂಡನ ಮುಖದ ಬಣ್ಣವೇ ಬದಲಾಯಿತು. "ಹೋದ ವಾರ ಆ ಕಂಪನಿಯವರ ವಕೀಲರಿಂದ ಒಂದು ನೋಟಿಸು ಬಂದಿತ್ತು. ನಮ್ಮ ತಂತ್ರಾಂಶ ಕದ್ದು ಬಳಸ್ತಿದ್ದೀರಿ, ವಿವರಣೆ ಕೊಡಿ ಅಂತ. ಯಾವುದೋ ಮೋಸದ ಮೇಲ್ ಇರಬೇಕು ಅಂದ್ಕೊಂಡೆ."

"ಅಂದ್ಕೊಂಡ್ರಾ, ಇಲ್ಲಾ ಅಂದ್ಕೋಬೇಕು ಅಂತ ಆಸೆಪಟ್ರಾ?"

ಸೂಜಿ ಚೀಲ ಹೆಗಲಿಗೇರಿಸಿ ಹೊರಟಳು. ಎರಡು ಬೀದಿಯಾಚೆ, ಬೇಕರಿಯ ಮೇಲಿನ ಮಹಡಿಯಲ್ಲಿ ವಕೀಲೆಯೊಬ್ಬರ ಕಚೇರಿ ಇತ್ತು. ಅವರ ಕೋಟು ಹೊಲಿದುಕೊಡುತ್ತಿದ್ದ ಪರಿಚಯ. ಮೆಟ್ಟಿಲಿನುದ್ದಕ್ಕೂ ಬಿಸಿ ಬ್ರೆಡ್ಡಿನ ವಾಸನೆ. ಒಳಗೆ ಕಡತಗಳ ನಡುವೆ ಸಣ್ಣ ಆಕೃತಿ, ದೊಡ್ಡ ಕನ್ನಡಕ. ವಕೀಲೆ ಪೂರ್ತಿ ಕೇಳಿಸಿಕೊಂಡರು. ನಡುವೆ ಒಮ್ಮೆಯೂ "ಅಯ್ಯೋ" ಎನ್ನಲಿಲ್ಲ.

"ಇಲ್ಲಿ ಎರಡು ಗಂಟು ಇದೆ. ಒಂದಕ್ಕೊಂದು ಸಿಕ್ಕಾಗಿಸಬೇಡಿ" ಎಂದರು. "ಒಂದು, ಬೇರೆಯವರ ತಂತ್ರಾಂಶ ಕದ್ದು ವ್ಯಾಪಾರ ಮಾಡಿದ್ದು. ಅವರು ನಷ್ಟ ಕಟ್ಟಿಕೊಡಿ ಅಂತ ದಾವೆ ಹೂಡಬಹುದು. ಅಪರಾಧದ ಕೇಸೂ ಆಗಬಹುದು, ದಂಡ, ಹಣೆಬರಹ ಕೆಟ್ಟರೆ ಜೈಲು. ಎರಡನೇದು ಗ್ರಾಹಕರ ಮಾಹಿತಿ ಸೋರಿದ್ದು. ನಿಮ್ಮನ್ನ ನಂಬಿ ಕೊಟ್ಟಿದ್ದು ಅದು. ಕಾಪಾಡೋದು ನಿಮ್ಮ ಜವಾಬ್ದಾರಿ. ಸೋರಿದ್ರೆ ಜನರ ಮಾಹಿತಿ ಕಾಯೋಕೆ ಅಂತಲೇ ಇರೋ ಸರ್ಕಾರದ ಪ್ರಾಧಿಕಾರಕ್ಕೂ ಹೇಳಬೇಕು, ಅವರವರಿಗೂ ಹೇಳಬೇಕು. ಮುಚ್ಚಿಟ್ರೆ ಅದೇ ಇನ್ನೊಂದು ತಪ್ಪು."

"ಬೀಗ ಮುರಿದದ್ದು ಅಂತ ಗೊತ್ತಿರಲಿಲ್ಲ ಅಂದ್ರೆ?"

"ಗೊತ್ತಿತ್ತಾ?"

ಸೂಜಿ ನೆಲ ನೋಡಿದಳು. "ಗೊತ್ತಿತ್ತು."

"ಹಾಗಾದ್ರೆ ಆ ಮಾತು ನನ್ನ ಮುಂದೆ ಬೇಡ. ಕೋರ್ಟಿನ ಮುಂದಂತೂ ಬೇಡವೇ ಬೇಡ." ವಕೀಲೆ ಪೆನ್ನು ಕೆಳಗಿಟ್ಟರು. "ಈಗ ಕಂಪ್ಯೂಟರ್ ಎಲ್ಲಿದೆ?"

"ಅಂಗಡೀಲಿ. ಪ್ಲಗ್ ಕಿತ್ತು ಬಂದೆ."

"ಒಳ್ಳೇದು ಮಾಡಿದ್ರಿ. ಯಾರೂ ಮುಟ್ಟಬಾರದು. ಅದರಲ್ಲಿ ಏನಿದೆಯೋ ಅದೇ ಸಾಕ್ಷಿ. ಅಳಿಸಿದ್ರೆ ಕಳ್ಳರೂ ಸಿಗಲ್ಲ, ಮೇಲಿಂದ ಸಾಕ್ಷಿ ನಾಶ ಮಾಡಿದ್ರಿ ಅಂತ ನಿಮ್ಮ ಕುತ್ತಿಗೆಗೇ ಬರುತ್ತೆ."

ಸೂಜಿ ಅಲ್ಲಿಂದಲೇ ಗಂಡನಿಗೆ ಫೋನು ಮಾಡಿದಳು. ಅವನ ದನಿಯಲ್ಲಿ ಏನೋ ಹಗುರ ಇತ್ತು.

"ಇನ್ನೇನೂ ಯೋಚನೆ ಬೇಡ ಕಣೆ. ನಮ್ಮ ರಿಪೇರಿ ಗೆಳೆಯ ಬಂದು ಕಂಪ್ಯೂಟರ್ ತಗೊಂಡು ಹೋದ. ಎಲ್ಲಾ ತೊಳೆದು, ಹೊಸದಾಗಿ ಮಾಡಿಕೊಡ್ತಾನಂತೆ. ಯಾರು ಬಂದು ನೋಡಿದ್ರೂ ಏನೂ ಸಿಗಲ್ಲ."

ಅವಳು ವಕೀಲೆಗೆ ಹೇಳಿಯೂ ಹೇಳದೆ ಮೆಟ್ಟಿಲಿಳಿದು ಓಡಿದಳು. ಗೆಳೆಯನಿಗೆ ಫೋನು ಮಾಡುತ್ತಲೇ ಓಡಿದಳು, ಅವನು ಎತ್ತಲಿಲ್ಲ. ಮುಖ್ಯರಸ್ತೆಯಲ್ಲಿ ಗುಂಡಿ ತೋಡಿ ಪೈಪು ಹಾಕುತ್ತಿದ್ದರು. ಸುತ್ತಿ ಬಳಸಿ ಹೋಗಬೇಕಿತ್ತು. ಅವಳು ಬಳಸಲಿಲ್ಲ. ಮಣ್ಣಿನ ಗುಡ್ಡೆಯ ಮೇಲೆ ಹತ್ತಿ, ಹಲಗೆಯ ಮೇಲೆ ದಾಟಿ, ಕೆಲಸಗಾರರು "ಅಕ್ಕಾ, ಅಕ್ಕಾ, ಬಿದ್ದೀರಾ!" ಎಂದು ಕೂಗುತ್ತಿದ್ದಂತೆ ಆಚೆ ದಡ ಸೇರಿದಳು.

ರಿಪೇರಿ ಅಂಗಡಿಯಲ್ಲಿ ಗೋಡೆ ತುಂಬ ತಂತಿಗಳು, ಹೊಟ್ಟೆ ಸೀಳಿದ ಕಂಪ್ಯೂಟರುಗಳು. ಅವಳ ಅಂಗಡಿಯ ಮಷೀನು ಮೇಜಿನ ಮೇಲಿತ್ತು, ಕತ್ತರಿಸಿದ ಬಟ್ಟೆಯ ಧೂಳು ಇನ್ನೂ ಅದರ ಮೇಲಿತ್ತು. ಗೆಳೆಯ ತಂತಿ ಜೋಡಿಸಿ, ಒಂದು ಕೈಯಲ್ಲಿ ಟೀ ಲೋಟ ಹಿಡಿದು ಇನ್ನೊಂದು ಕೈಯನ್ನು ಕೀಲಿಮಣೆಯ ಮೇಲೆ ಇಟ್ಟಿದ್ದ.

"ಕೈ ತೆಗೀ ಅದರ ಮೇಲಿಂದ!"

ಟೀ ಚೆಲ್ಲಿತು. "ಏನ್ ಅತ್ತಿಗೆ, ಇಷ್ಟು ಜೋರಾಗಿ? ಈಗ ಒಂದು ಬಟನ್ ಒತ್ತಿದ್ರೆ ನಿಮ್ಮ ತಲೆನೋವೆಲ್ಲ ಮಾಯ."

"ಒತ್ತಿದ್ಯಾ?"

"ಒತ್ತಬೇಕು ಅಂತಿದ್ದೆ, ಟೀ ಬಂತು."

ಸೂಜಿ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತಳು. ಟೀ ಅಂಗಡಿಯವನ ಹೆಸರು ಹಿಡಿದು ಮನಸ್ಸಿನಲ್ಲೇ ಕೈ ಮುಗಿದಳು. ಗೆಳೆಯ ಇನ್ನೂ ಅರ್ಥವಾಗದೆ ಹೇಳುತ್ತಿದ್ದ: "ಅಳಿಸಿದ್ರೆ ನಿಮಗೂ ಒಳ್ಳೇದು, ನನಗೂ ಒಳ್ಳೇದು ಅತ್ತಿಗೆ. ಯಾರು ಹಾಕಿಕೊಟ್ಟಿದ್ದು ಅಂತ ಕೇಳಿದ್ರೆ ನನ್ನ ಹೆಸರೂ ಬರುತ್ತಲ್ಲ."

"ಬರುತ್ತೆ. ನನ್ನ ಹೆಸರಿನ ಪಕ್ಕದಲ್ಲೇ ಬರುತ್ತೆ" ಎಂದು ಅವಳು ತಂತಿ ಕಿತ್ತು, ಮಷೀನನ್ನು ಮಗುವಿನ ಹಾಗೆ ತಬ್ಬಿ ಎತ್ತಿಕೊಂಡಳು. ವಕೀಲೆಗೆ ಫೋನು ಮಾಡಿ ಕೇಳಿ, ನೇರ ಸೈಬರ್ ಪೊಲೀಸರ ಕಚೇರಿಯ ಕಡೆಗೆ ಹೋಗುವ ಬಸ್ಸು ಹತ್ತಿದಳು. ಮಷೀನನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಾಗ ಪಕ್ಕದ ಅಜ್ಜಿ, "ಏನಮ್ಮಾ, ಟಿಕೆಟ್ ತಗೊಂಡ್ಯಾ ಇದಕ್ಕೆ?" ಎಂದು ಕೇಳಿದರು. ಅಷ್ಟು ಗಾಬರಿಯಲ್ಲೂ ಸೂಜಿಗೆ ನಗು ಬಂತು.

ಸೈಬರ್ ಪೊಲೀಸರ ಕಚೇರಿ ಸಾಮಾನ್ಯ ಠಾಣೆಯಂತಿರಲಿಲ್ಲ. ಬಿಳಿ ಗೋಡೆ, ಸಾಲು ಪರದೆಗಳು, ಕೀಲಿಮಣೆಯ ಟಕಟಕ. ವಕೀಲೆಯೂ ಗಂಡನೂ ಅಲ್ಲಿಗೇ ಬಂದರು. ಗಂಡ ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಬರೆದು ಕೊಟ್ಟ. ಯಾರಿಂದ ಪಡೆದದ್ದು ಎಂಬ ಪ್ರಶ್ನೆ ಬಂದಾಗ ಅವನ ಪೆನ್ನು ನಿಂತಿತು. ಬಹಳ ಹೊತ್ತು ನಿಂತು, ಆಮೇಲೆ ಗೆಳೆಯನ ಹೆಸರು ಬರೆಯಿತು.

ಮಷೀನನ್ನು ಪರೀಕ್ಷಿಸಿದ್ದು ವಯಸ್ಸಿನಲ್ಲಿ ಸೂಜಿಗಿಂತ ಚಿಕ್ಕವಳಾದ ಅಧಿಕಾರಿಣಿ. ಎರಡು ದಿನ ಬಿಟ್ಟು ಕರೆಸಿದಳು.

"ಬೀಗ ಮುರಿದು ಕೊಡೋರು ಧರ್ಮಕ್ಕೆ ಕೊಡಲ್ಲ ಅಮ್ಮ. ನಿಮ್ಮ ಬೀಗದ ಕೈ ಅವರು ಇಟ್ಕೋತಾರೆ" ಎಂದಳು. "ಆ ತಂತ್ರಾಂಶದ ಜೊತೆ ಇನ್ನೊಂದು ಕಳ್ಳ ತಂತ್ರಾಂಶ ಒಳಗೆ ಬಂದು ಕೂತಿತ್ತು. ನೀವು ಕಾವಲು ಆಫ್ ಮಾಡಿದ ದಿನದಿಂದಲೂ ಅಲ್ಲೇ ಇದೆ. ಈ ಬೇಸಿಗೆಯಲ್ಲಿ ಯಾರೋ ಆ ಒಳದಾರಿಯನ್ನ ಬೇರೆ ಗುಂಪಿಗೆ ಮಾರಿದ್ದಾರೆ. ಜಾಲತಾಣದಲ್ಲಿ ತುಂಬಿಸಿದ್ದು, ಫೋಟೋ, ವಿಳಾಸ, ಫೋನ್ ನಂಬರು, ಎಲ್ಲಾ ಹೋಗಿದೆ."

"ಎಲ್ಲಾ?"

"ಎಲ್ಲಾ. ಆದರೆ ನೀವು ಅಳಿಸದೆ ತಂದಿದ್ದಕ್ಕೆ ಯಾವ ದಾರೀಲಿ ಹೋಯ್ತು ಅನ್ನೋದೂ ಇದರಲ್ಲೇ ಉಳಿದಿದೆ. ಹಿಂಬಾಲಿಸ್ತೀವಿ. ನೀವು ನಿಮ್ಮವರಿಗೆ ಹೇಳಿ, ಯಾರೂ ಒಂದು ಕಾಸೂ ಕೊಡೋದು ಬೇಡ. ಒಂದು ಸಲ ಕೊಟ್ರೆ ಹತ್ತು ಸಲ ಕೇಳ್ತಾರೆ."

ಆ ಸಂಜೆ ಮನೆಯಲ್ಲಿ ಮೂವರೂ ಕೂತರು. ಅಲ್ಲಿಯವರೆಗೂ ಅತ್ತೆಗೆ "ಕಂಪ್ಯೂಟರಿನಲ್ಲಿ ಏನೋ ತೊಂದರೆ" ಎಂದಷ್ಟೇ ಹೇಳಿದ್ದರು. ಗಂಡ ಇನ್ನೂ ಅಳುಕುತ್ತಿದ್ದ.

"ಕಾನೂನಿಗೆ ಹೇಳಿದ್ದಾಯ್ತು. ಗ್ರಾಹಕರಿಗೆ ಒಂದು ಮೇಲ್ ಕಳಿಸಿದ್ರೆ ಸಾಕು. ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಿದ್ರೆ ನಾಳೆ ಯಾರು ಅಂಗಡಿ ಮೆಟ್ಟಿಲು ಹತ್ತುತ್ತಾರೆ?"

"ಏನು ಹೇಳೋದಿದೆ ಗ್ರಾಹಕರಿಗೆ?" ಎಂದರು ಅತ್ತೆ.

ಸೂಜಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅತ್ತೆ ಶಾಲಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೇಳಿಸಿಕೊಂಡರು.

"ಮೊದಲನೇ ಉಡುಪು ನಂದು ತಾನೇ? ಅಳತೆ ಸರಿಯಾಗಿದೆಯಾ ನೋಡೋದಕ್ಕೆ ಅಂತ ಕುತ್ತಿಗೆಯಿಂದ ಕೆಳಗೆ ಫೋಟೋ ತೆಗೆದಿದ್ರಲ್ಲ. ಮೊದಲು ತೊಡದೇ ತೆಗೆದದ್ದು, ಆಮೇಲೆ ತೊಟ್ಟದ್ದು. ಅದೂ ಹೋಯ್ತಾ?"

"ಹೋಯ್ತಮ್ಮ" ಎಂದ ಮಗ, ಕೇಳಿಸಿತೋ ಇಲ್ಲವೋ ಎಂಬಂತೆ.

ಅತ್ತೆ ಎದ್ದು ಬಂದು ಮಗನ ಎದುರು ಕುರ್ಚಿ ಎಳೆದುಕೊಂಡು ಕೂತರು. "ಸರಿ. ನಾನು ನಿನ್ನ ಗ್ರಾಹಕಿ. ಹೇಳು, ಏನಂತ ಹೇಳ್ತೀಯಾ? ನನಗೆ ಹೇಳೋಕಾದ್ರೆ ಎಲ್ಲರಿಗೂ ಹೇಳಬಹುದು. ನನಗೇ ಹೇಳೋಕಾಗಲ್ಲ ಅಂದ್ರೆ ಅಂಗಡಿ ಈಗಲೇ ಮುಚ್ಚು."

ಅವನು ಗಂಟಲು ಸರಿಮಾಡಿಕೊಂಡ. "ನಮಸ್ಕಾರ, ನಾವು ಸೂಜಿ ಹೊಲಿಗೆ ಮನೆಯಿಂದ..." ಎಂದು ಶುರುಮಾಡಿದ. "ತಾಂತ್ರಿಕ ಕಾರಣಗಳಿಂದ..."

"ಯಾವ ತಾಂತ್ರಿಕ?"

"ನಮ್ಮ ಕಂಪ್ಯೂಟರಿನಲ್ಲಿ ಒಂದು ದೋಷ..."

"ದೋಷ ಕಂಪ್ಯೂಟರಿಂದೇನೋ?"

ಅವನ ಕಣ್ಣು ತುಂಬಿ ಬಂತು. "ನಂದಮ್ಮ. ನಾನು ಕದ್ದ ಮಾಲು ಒಳಗೆ ಬಿಟ್ಟೆ. ಅದರ ಹಿಂದೆ ಕಳ್ಳರೂ ಬಂದ್ರು. ನೀನು ನಂಬಿ ಕೊಟ್ಟಿದ್ದನ್ನ ನಾನು ಕಾಪಾಡಲಿಲ್ಲ. ತಪ್ಪಾಯ್ತು." ಅಷ್ಟು ಹೇಳಿ ತಾಯಿಯ ಮಡಿಲಿಗೆ ತಲೆ ಹಾಕಿ, ಚಿಕ್ಕವನಾಗಿದ್ದಾಗ ಅತ್ತ ಹಾಗೆ ಅತ್ತುಬಿಟ್ಟ.

ಅತ್ತೆ ಅವನ ಬೆನ್ನು ಸವರಿದರು. ಅವರ ಕಣ್ಣೂ ಒದ್ದೆಯಾಗಿತ್ತು, ಸಿಟ್ಟೂ ಇತ್ತು. "ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನೋಡೋಣ, ಬಾಯಿಬಿಟ್ಟು ಕೇಳಿದ್ರೆ ಸ್ವಲ್ಪವಾದ್ರೂ ಬರುತ್ತೇನೋ" ಎಂದು ಎದ್ದು ಮೂಗು ಒರೆಸಿಕೊಳ್ಳಲು ಒಳಗೆ ಹೋದರು.

ಮಾರನೆಯ ದಿನವೇ ಪಾರ್ಸೆಲ್ ರಸೀದಿಗಳನ್ನು ಮುಂದಿಟ್ಟುಕೊಂಡು ಫೋನು ಮಾಡಲು ಕೂತರು. ಮೊದಲ ಕರೆಗೇ ತೊಡಕು ಎದುರಾಯಿತು. "ಸೂಜಿ ಹೊಲಿಗೆ ಮನೆಯಿಂದ" ಎಂದ ಕೂಡಲೆ ಆ ಕಡೆಯ ಹೆಂಗಸು, "ಕಳ್ಳ ನನ್ಮಕ್ಕಳಾ, ಈಗ ಹೆಂಗಸರ ದನೀಲಿ ಶುರು ಮಾಡಿದ್ರಾ?" ಎಂದು ಫೋನು ಕುಕ್ಕಿದಳು. ಬೈದದ್ದು ನ್ಯಾಯವೇ. ಕಳ್ಳರೂ ಇದೇ ಹೆಸರು ಹೇಳಿಕೊಂಡು ಮಾತಾಡಿದ್ದರು, ಅವಳ ಅಳತೆಯನ್ನೇ ಹೇಳಿ ನಂಬಿಸಿದ್ದರು. ತಾವೇ ನಿಜವಾದವರು ಎಂದು ಈಗ ತೋರಿಸುವುದು ಹೇಗೆ?

ಸೂಜಿ ತುಟಿ ಕಚ್ಚಿಕೊಂಡು ಯೋಚಿಸಿದಳು. ಎದುರಿಗಿದ್ದ ಯಂತ್ರದ ಮೇಲೆ ಅರ್ಧ ಹೊಲಿದ ಉಡುಪೊಂದು ಬಿದ್ದಿತ್ತು. ಪ್ರತಿ ಉಡುಪಿನ ಒಳ ಅಂಚಿಗೂ ಅವಳು ಬೆರಳಗಲದ ಬಟ್ಟೆಯ ಪಟ್ಟಿ ಹೊಲಿಯುತ್ತಿದ್ದಳು. ಅದರ ಮೇಲೆ ಹೆಸರಿಲ್ಲ, ಅಂಗಡಿಯ ಫೋನ್ ನಂಬರು ಮಾತ್ರ.

ಮುಂದಿನ ಕರೆಯಲ್ಲಿ ಅವಳು ಹೇಳಿದ್ದು ಇಷ್ಟೇ: "ನನ್ನನ್ನ ನಂಬಬೇಡಿ. ಈ ಫೋನ್ ಇಟ್ಟುಬಿಡಿ. ನೀವು ತೊಟ್ಟಿರೋ ಉಡುಪಿನ ಒಳಗೆ ಒಂದು ಪಟ್ಟಿ ಇದೆ, ಅದರ ಮೇಲಿರೋ ನಂಬರಿಗೆ ನೀವೇ ಮಾಡಿ. ಆಗ ಎತ್ತೋಳು ಸೂಜಿ."

ಎಷ್ಟೋ ಮಂದಿ ಮಾಡಿದರು. ಕೆಲವರು ಇಡೀ ದಿನ ಯೋಚಿಸಿ ಮಾಡಿದರು. ಸೂಜಿ, ಗಂಡ, ಅತ್ತೆ ಸರದಿಯಲ್ಲಿ ಮಾತಾಡಿದರು. ಯಾವುದನ್ನೂ ಮುಚ್ಚಿಡಲಿಲ್ಲ. ಹೀಗಾಯಿತು, ತಪ್ಪು ನಮ್ಮದು, ಯಾರಾದರೂ ಬೆದರಿಸಿದರೆ ದುಡ್ಡು ಕೊಡಬೇಡಿ, ಈ ಅಧಿಕಾರಿಣಿಗೆ ಹೇಳಿ, ನಿಮ್ಮ ದೂರು ನಮ್ಮ ಮೇಲೆ ಕೊಡಬೇಕೆಂದರೆ ಅದಕ್ಕೂ ದಾರಿ ಹೀಗಿದೆ. ಬೈದವರು ಬಹಳ. "ನಿಮ್ಮ ಮುಖ ನೋಡಲ್ಲ" ಎಂದವರೂ ಇದ್ದರು, ಹೇಳಿದ ಹಾಗೆಯೇ ನಡೆದುಕೊಂಡರು. ಒಬ್ಬ ಮುದುಕಿ, "ನನ್ನ ಫೋಟೋ ನೋಡಿ ಆ ಕಳ್ಳ ಹೆದರಿಕೊಂಡಿರಬೇಕು, ಪಾಪ" ಎಂದು ನಗಿಸಿದಳು. ಅತ್ತೆ ತಮ್ಮ ಸರದಿ ಬಂದಾಗಲೆಲ್ಲ, "ನಂದೂ ಹೋಗಿದೆ ಕಣಮ್ಮ" ಎಂದೇ ಮಾತು ಶುರುಮಾಡುತ್ತಿದ್ದರು. ಆ ಒಂದು ಮಾತಿಗೆ ಆ ಕಡೆಯ ದನಿ ಅರ್ಧಕ್ಕರ್ಧ ಇಳಿಯುತ್ತಿತ್ತು.

ಗಣಿತದ ಟೀಚರು ಫೋನು ಎತ್ತಲೇ ಇಲ್ಲ. ಪಟ್ಟಿಯ ನಂಬರಿಗೂ ಮಾಡಲಿಲ್ಲ. ಒಂದು ಮಧ್ಯಾಹ್ನ ಸ್ವತಃ ಅಂಗಡಿಗೇ ಬಂದು ನಿಂತರು. ಸೂಜಿ ಎದ್ದು ನಿಂತಳು. ಹೊಲಿಯುತ್ತಿದ್ದ ಇಬ್ಬರ ಯಂತ್ರಗಳೂ ನಿಂತವು.

"ಪರವಾಗಿಲ್ಲ ಅಂತ ಹೇಳೋಕೆ ಬಂದಿಲ್ಲ" ಎಂದರು ಟೀಚರು. "ಪರವಾ ಇದೆ. ನಿದ್ದೆ ಹೋಗಿದೆ ನನ್ನದು."

"ಗೊತ್ತು ಟೀಚರೇ."

"ಪೊಲೀಸರಿಗೆ ಹೇಳಿದೆ. ಹೆಡ್ ಮೇಡಂಗೂ ಹೇಳಿದೆ. ಫೋಟೋ ಬಂದ್ರೆ ಹೀಗಿರುತ್ತೆ ನೋಡಿ ಅಂತ ನಾನೇ ಮೊದಲು ಹೇಳಿಬಿಟ್ಟೆ. ಅವರು ಎದ್ದು ಬಾಗಿಲು ಹಾಕಿದ್ರು. ಬಯ್ತಾರೇನೋ ಅಂದ್ಕೊಂಡೆ. ಅವರಿಗೂ ಆಪರೇಷನ್ ಆಗಿದೆಯಂತೆ, ನನಗಿಂತ ಮುಂಚೆ. ಇಷ್ಟು ವರ್ಷ ಒಂದೇ ಸ್ಟಾಫ್ ರೂಮಲ್ಲಿ ಕೂತಿದ್ವಿ, ಇಬ್ಬರಿಗೂ ಗೊತ್ತಿಲ್ಲ." ಟೀಚರು ಕುರ್ಚಿಗಾಗಿ ಸುತ್ತ ನೋಡಿದರು. ಅತ್ತೆ ತಮ್ಮದನ್ನೇ ಸರಿಸಿಕೊಟ್ಟರು. "ಆಮೇಲೆ ಅವನು ಫೋನ್ ಮಾಡಿದಾಗ, ಹಾಕಪ್ಪಾ, ಎಲ್ಲಿ ಬೇಕಾದ್ರೂ ಹಾಕು ಅಂದೆ. ಮತ್ತೆ ಮಾಡಲಿಲ್ಲ."

ಸೂಜಿ ನೀರು ತಂದುಕೊಟ್ಟಳು.

"ಈಗ ನನ್ನದು ಅಂತ ನಿಮ್ಮಲ್ಲಿ ಏನೇನಿದೆಯೋ ನನ್ನೆದುರಿಗೇ ಅಳಿಸಿ."

ಪೊಲೀಸರ ಒಪ್ಪಿಗೆ ಆಗಲೇ ಸಿಕ್ಕಿತ್ತು. ಸಾಕ್ಷಿಗೆ ಬೇಕಾದ ಪ್ರತಿಯನ್ನು ಉಳಿಸಿಕೊಂಡು ಅವರು ಮಷೀನನ್ನು ಹಿಂತಿರುಗಿಸಿದ್ದರು. ಗಂಡ ಪರದೆಯನ್ನು ಟೀಚರ ಕಡೆ ತಿರುಗಿಸಿ ಒಂದೊಂದನ್ನೂ ತೋರಿಸಿ ಅಳಿಸಿದ. ಕೊನೆಯದು ಮುಗಿದಾಗ ಟೀಚರು ಎದ್ದರು, ಬಾಗಿಲವರೆಗೆ ಹೋದರು, ನಿಂತರು.

"ನಾನು ತೊಟ್ಟಿರೋದು ಹಳೇದಾಗಿದೆ. ಬೇರೆ ಕಡೆ ತಗೊಂಡೆ, ಒತ್ತುತ್ತೆ." ಚೀಲವನ್ನು ಕೆಳಗಿಟ್ಟು, "ಟೇಪು ಎಲ್ಲಿದೆ?" ಎಂದರು.

ಕಾನೂನಿನ ದಾರಿ ಅಷ್ಟು ಬೇಗ ಮುಗಿಯಲಿಲ್ಲ. ತಂತ್ರಾಂಶದ ಕಂಪನಿಯ ವಕೀಲರೊಂದಿಗೆ ವಕೀಲೆ ತಿಂಗಳುಗಟ್ಟಲೆ ಪತ್ರ ವ್ಯವಹಾರ ಮಾಡಿದರು. ಒಪ್ಪಿಕೊಂಡದ್ದರಿಂದ, ಏನನ್ನೂ ಅಳಿಸದೆ ಇಟ್ಟದ್ದರಿಂದ ಕಂಪನಿ ಕೋರ್ಟಿಗೆ ಹೋಗಲಿಲ್ಲ. ಬಳಸಿದಷ್ಟು ವರ್ಷಗಳ ಶುಲ್ಕವನ್ನೂ ಪರಿಹಾರವನ್ನೂ ಕಂತಿನಲ್ಲಿ ಕಟ್ಟಿಸಿಕೊಂಡು, ಇನ್ನು ಮುಂದೆ ಹೀಗೆ ಮಾಡುವುದಿಲ್ಲ ಎಂದು ಬರೆಸಿಕೊಂಡಿತು. ಪ್ರಾಧಿಕಾರ ದಂಡ ಹಾಕಿತು. ನೀವಾಗಿ ಬಂದು ಹೇಳಿದ್ದೀರಿ, ಎಲ್ಲರಿಗೂ ತಿಳಿಸಿದ್ದೀರಿ ಎಂದು ಅದನ್ನು ಹಗುರ ಮಾಡಿತು. ಆದರೂ ಹಗುರವಾದದ್ದು ಅವರಿಗೆ ಭಾರವೇ. ಅಂಗಡಿಯಲ್ಲಿದ್ದ ಕಸೂತಿ ಯಂತ್ರ ಮಾರಿಹೋಯಿತು. ಒಂದಿಡೀ ವರ್ಷ ಮನೆಯಲ್ಲಿ ಯಾರೂ ಹೊಸ ಬಟ್ಟೆ ತೊಡಲಿಲ್ಲ. "ದರ್ಜಿ ಮನೇಲಿ ಹರಕಲು ಅಂಗಿ" ಎಂದು ಅತ್ತೆ ಆಡಿಕೊಂಡರು.

ಕಳ್ಳರ ಗುಂಪಿನಲ್ಲಿ ಕೆಲವರು ಬೇರೊಂದು ಊರಿನಲ್ಲಿ ಸಿಕ್ಕಿಬಿದ್ದರು. ಅವರ ಬಳಿಯಿದ್ದ ಫೋಟೋಗಳೂ ಪೊಲೀಸರ ಕೈಸೇರಿದವು. "ಎಲ್ಲಾ ಸಿಕ್ತು ಅಂತ ನಾನು ಸುಳ್ಳು ಹೇಳಲ್ಲ. ಆದರೆ ಬೆದರಿಕೆ ಕರೆ ನಿಂತಿದೆ" ಎಂದಳು ಅಧಿಕಾರಿಣಿ. ರಿಪೇರಿ ಗೆಳೆಯನ ಮೇಲೂ ಕೇಸಾಯಿತು, ಅವನ ಅಂಗಡಿಯ ಮಷೀನುಗಳನ್ನೆಲ್ಲ ಹೊತ್ತುಕೊಂಡು ಹೋದರು. ಅವನು ದಂಡ ಕಟ್ಟಿ ಮತ್ತೆ ಅಂಗಡಿ ತೆರೆದಿದ್ದಾನೆ, ಸೂಜಿಯ ಗಂಡ ಎದುರು ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಾನೆ. ಗಂಡನಿಗೆ ಅದೊಂದು ಕೊರಗು ಈಗಲೂ ಇದೆ.

ಆ ವರ್ಷವೆಲ್ಲ ನಕ್ಷೆಗಳನ್ನು ಕಂದು ಕಾಗದದ ಮೇಲೆ ಕೈಯಲ್ಲೇ ಬಿಡಿಸಿದರು. ಆಮೇಲೆ ಗಂಡ ಹುಡುಕಿ ಹುಡುಕಿ, ಯಾರು ಬೇಕಾದರೂ ನ್ಯಾಯವಾಗಿಯೇ ಪುಕ್ಕಟೆ ಬಳಸಬಹುದಾದ ನಕ್ಷೆ ತಂತ್ರಾಂಶವೊಂದನ್ನು ಕಂಡುಕೊಂಡ. ಹಳೆಯದರಷ್ಟು ಚಂದವಿಲ್ಲ, ಕಲಿಯಲು ಬೆವರಿಳಿಯಿತು. ಗ್ರಾಹಕರ ವಿವರಗಳು ಈಗ ಅಂತರಜಾಲಕ್ಕೆ ಜೋಡಿಸದ ಬೇರೊಂದು ಮಷೀನಿನಲ್ಲಿವೆ. ಉಡುಪು ಕೈಸೇರಿ ಸರಿಯಾಗಿದೆ ಎಂದ ಮೇಲೆ ಫೋಟೋ ಅಳಿಸಿಹೋಗುತ್ತದೆ.

ಮೊನ್ನೆ ಮೊನ್ನೆ ಹೊಸ ಫೋನು ಬಂತು. ಚಿಕ್ಕ ವಯಸ್ಸಿನ ದನಿ, ಆಪರೇಷನ್ ಆಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಯಾರು ಹೇಳಿದರೆಂದು ಸೂಜಿ ಕೇಳಿದಳು.

"ನಮ್ಮ ಗಣಿತದ ಟೀಚರ್. ನನಗೆ ಹೈಸ್ಕೂಲಲ್ಲಿ ಪಾಠ ಮಾಡಿದ್ರು" ಎಂದಿತು ಆ ದನಿ. ಆಮೇಲೆ ತಡೆದು, "ಒಂದು ಕೇಳ್ಲಾ ಅಕ್ಕ? ಟೀಚರೇ ಕೇಳು ಅಂದ್ರು. ನನ್ನ ಬಗ್ಗೆ ನಿಮ್ಮ ಹತ್ರ ಏನೇನು ಉಳಿಯುತ್ತೆ?"

ಸೂಜಿ ಕತ್ತರಿ ಕೆಳಗಿಟ್ಟು ಕೂತಳು. ಏನು ಬರೆದುಕೊಳ್ಳುತ್ತಾಳೆ, ಎಲ್ಲಿ ಇಡುತ್ತಾಳೆ, ಯಾರು ನೋಡುತ್ತಾರೆ, ಎಷ್ಟು ದಿನಕ್ಕೆ ಅಳಿಸುತ್ತಾಳೆ, ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಹಿಂದೆ ಏನಾಗಿತ್ತು ಎಂಬುದನ್ನೂ ಹೇಳಿದಳು, ಅದನ್ನು ಕೇಳಿರಲಿಲ್ಲವಾದರೂ. ಆ ಕಡೆ ಬಾಗಿಲು ಮುಚ್ಚಿದ ಸದ್ದಾಯಿತು, ಹುಡುಗಿ ಒಬ್ಬಳೇ ಮಾತಾಡಲೆಂದು ಒಳಕೋಣೆಗೆ ಹೋದಂತೆ.

"ಹಾಗಾದ್ರೆ ಬರ್ಕೊಳ್ಳಿ ಅಕ್ಕ" ಎಂದಳು. "ನಂದು ಬಲಗಡೆ."